20 ತಿಂಗಳ ಮಗಳ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ: ಇನ್ನೊಂದು ವರ್ಷ ಕಾಯಬಹುದೇ?

ಪ್ರಶ್ನೆ (ಡೊಂಬಿವಲಿಯಿಂದ ಒಬ್ಬ ತಂದೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮೊದಲ ಮಗಳಿಗೆ ಈಗ 20 ತಿಂಗಳು. ಗರ್ಭದಲ್ಲಿ ಕೊನೆಯವರೆಗೂ ತಲೆ ಮೇಲಾಗಿಯೇ ಇದ್ದುದರಿಂದ ಸಿಸೇರಿಯನ್ ಆಗಿತ್ತು. ನಡೆಯಲು ಆರಂಭಿಸಿದಂದಿನಿಂದ ಎಡಗಾಲು ಊರಿದಾಗಲೆಲ್ಲ ಅವಳ ಮೈ ಆ ಕಡೆಗೆ ವಾಲುತ್ತಿತ್ತು. ನೋವೆಂದು ಒಮ್ಮೆಯೂ ಅತ್ತವಳಲ್ಲ. ನಾವು ಮೊದಲು ತೋರಿಸಿದ ವೈದ್ಯರೂ ಹೊಸ ನಡಿಗೆ, ತಾನಾಗಿ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದ್ದರು. ಕಳೆದ ವಾರ ಮಕ್ಕಳ ಮೂಳೆತಜ್ಞರೊಬ್ಬರು ಎಕ್ಸ್‌ರೇ ತೆಗೆಸಿ, ಎಡ ತೊಡೆಮೂಳೆಯ ಗುಂಡು ಕೀಲಿನ ಬಟ್ಟಲಿನಿಂದ ಪೂರ್ತಿ ಹೊರಬಂದು ಮೇಲಕ್ಕೆ ಸರಿದಿರುವುದನ್ನು ತೋರಿಸಿದರು. ಕೀಲನ್ನು ತೆರೆದು ಗುಂಡನ್ನು ಒಳಗೆ ಕೂರಿಸಬೇಕು, ಬಹುಶಃ ಬಟ್ಟಲಿನ ಮೇಲಿನ ಮೂಳೆಯನ್ನೂ ಕತ್ತರಿಸಿ ಬಾಗಿಸಬೇಕಾಗುತ್ತದೆ, ಆಮೇಲೆ ಎದೆಯ ಕೆಳಗಿನಿಂದ ಕಾಲಿನವರೆಗೆ ಪ್ಲಾಸ್ಟರ್ ಎಂದಿದ್ದಾರೆ.

ಧಾರವಾಡದಿಂದ ಬಂದಿರುವ ನನ್ನ ತಾಯಿಯವರು, ದಿನವೂ ಎಣ್ಣೆ ಹಚ್ಚಿ ನೀವಿದರೆ ಕೀಲು ಕೂಡಿಕೊಳ್ಳುತ್ತದೆ, ಇಷ್ಟು ಎಳೆಯ ಕೂಸಿನ ಮೈಗೆ ಕತ್ತರಿ ಹಾಕಿಸಬೇಡಿ ಎಂದು ಅಳುತ್ತಿದ್ದಾರೆ. ಇನ್ನೊಂದು ವರ್ಷ ಕಾದರೆ ತೊಂದರೆಯೇ? ಬೆಲ್ಟ್ ಹಾಕಿ ಸರಿಪಡಿಸಲು ಸಾಧ್ಯವಿಲ್ಲವೇ? ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ, ಈ ಮಳೆಗಾಲದಲ್ಲಿ, ಪ್ಲಾಸ್ಟರ್ ಹಾಕಿದ ಮಗುವನ್ನು ನೋಡಿಕೊಳ್ಳುವುದು ಹೇಗೆ?

ಉತ್ತರ (ಮಡಗಾಂವ್, ನಿವೃತ್ತ ನರ್ಸ್)

ನಾನು ಮೂಳೆ ವಿಭಾಗದ ಆಪರೇಷನ್ ಥಿಯೇಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ನಿಮ್ಮ ಮಗಳ ಎಕ್ಸ್‌ರೇ ನಾನು ನೋಡಿಲ್ಲ, ಆದ್ದರಿಂದ ಕೊನೆಯ ಮಾತು ನಿಮ್ಮ ಸರ್ಜನ್ನರದೇ. ಆದರೆ ಸುಮ್ಮನೆ ಒಂದು ವರ್ಷ ಕಾಯಬೇಡಿ ಎಂಬುದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ನೀವು ಕೇಳಿದ ಬೆಲ್ಟ್, ಅಂದರೆ ತೊಡೆಗಳನ್ನು ಮಡಿಸಿ ಅಗಲಿಸಿ ಹಿಡಿಯುವ ಪಾವ್ಲಿಕ್ ಬೆಲ್ಟ್, ಮುಖ್ಯವಾಗಿ ಮೊದಲ ಆರು ತಿಂಗಳ ಕೂಸುಗಳಿಗೆ. ಆ ಕಾಲ ನಿಮಗೆ ದಾಟಿಹೋಗಿದೆ. ಆರರಿಂದ ಹದಿನೆಂಟು ತಿಂಗಳೊಳಗೆ ಗೊತ್ತಾದರೆ ಅರಿವಳಿಕೆ ಕೊಟ್ಟು, ಗಾಯ ಮಾಡದೆಯೇ ಗುಂಡನ್ನು ಕೂರಿಸಿ ಪ್ಲಾಸ್ಟರ್ ಹಾಕಲು ಅನೇಕ ಸಲ ಸಾಧ್ಯವಾಗುತ್ತದೆ. ನಡೆಯುವ ಮಗುವಿನಲ್ಲಿ ಗುಂಡು ಹೊರಗೇ ಉಳಿದಿರುವುದರಿಂದ ಬಟ್ಟಲು ಆಳವಾಗಿ ಬೆಳೆದಿರುವುದಿಲ್ಲ, ಅದರೊಳಗೆ ಕೊಬ್ಬು ತುಂಬಿರುತ್ತದೆ, ಮುಂದಿನ ಸ್ನಾಯುರಜ್ಜು ಬಿಗಿದು ಕೀಲಿನ ಚೀಲದ ಬಾಯನ್ನು ಹಿಂಡಿರುತ್ತದೆ. ಹೊರಗಿನಿಂದ ಎಷ್ಟು ನೀವಿದರೂ ಈ ಅಡ್ಡಿಗಳು ಸರಿಯಲಾರವು. ಬಲವಾಗಿ ಎಳೆದು ತಿರುಚಿದರೆ ಹಾನಿಯೇ ಆದೀತು. ತಾಯಿಯವರಿಗೆ ಆ ಎಕ್ಸ್‌ರೇಯನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಬದಿಗಳನ್ನು ಹೋಲಿಸಿ ತೋರಿಸಿ. ಮಾತಿಗಿಂತ ಅದು ಬೇಗ ತಿಳಿಯುತ್ತದೆ.

ಬಟ್ಟಲಿನ ಮೂಳೆಯನ್ನು ಕತ್ತರಿಸುವುದೆಂದರೆ ಬಹುಶಃ ಸಾಲ್ಟರ್ ವಿಧಾನ. ಟೊರಾಂಟೊದ ರಾಬರ್ಟ್ ಸಾಲ್ಟರ್ 1961ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಬಟ್ಟಲಿನ ಮೇಲ್ಭಾಗದಲ್ಲಿ ಮೂಳೆಯನ್ನು ಕತ್ತರಿಸಿ, ಬಟ್ಟಲನ್ನು ಮುಂದಕ್ಕೆ, ಹೊರಗಡೆಗೆ ಬಾಗಿಸಿ, ಮಗುವಿನ ಸೊಂಟದ ಅಂಚಿನಿಂದಲೇ ತೆಗೆದ ಮೂಳೆಯ ತುಂಡನ್ನು ಆ ಸಂದಿನಲ್ಲಿ ಬೆಣೆಯಂತೆ ಇಟ್ಟು ತಂತಿಗಳಿಂದ ಭದ್ರಪಡಿಸುತ್ತಾರೆ. ತಂತಿಗಳನ್ನು ಮುಂದೆ ತೆಗೆಯುತ್ತಾರೆ. ವಯಸ್ಸು ಮೂರು ದಾಟಿದ ಮೇಲೆ, ಅಥವಾ ಗುಂಡು ತುಂಬಾ ಮೇಲೆ ಹೋಗಿದ್ದರೆ, ತೊಡೆಮೂಳೆಯನ್ನೂ ಸ್ವಲ್ಪ ಮೊಟಕು ಮಾಡಬೇಕಾಗುತ್ತದೆ. ಇಲ್ಲವಾದರೆ ಒಳಗೆ ಕೂರಿಸಿದ ಗುಂಡಿನ ಮೇಲೆ ಒತ್ತಡ ಬಿದ್ದು ಅದರ ರಕ್ತಸಂಚಾರ ಕೆಡುತ್ತದೆ. ಕಾದಷ್ಟೂ ಶಸ್ತ್ರಚಿಕಿತ್ಸೆ ದೊಡ್ಡದಾಗುತ್ತದೆ ಎಂಬುದಕ್ಕೆ ಅರ್ಥ ಇದೇ.

ರಕ್ತಸಂಚಾರ ಕೆಟ್ಟು ಗುಂಡಿನ ಆಕಾರ ಹಾಳಾಗುವ ಸಾಧ್ಯತೆ, ಕೀಲು ಮತ್ತೆ ಜಾರುವ ಸಾಧ್ಯತೆ, ಇವೆರಡನ್ನೂ ಸರ್ಜನ್ನರ ಬಳಿ ಬಾಯಿಬಿಟ್ಟು ಕೇಳಿ. ಇಂಥ ಮಕ್ಕಳ ಶಸ್ತ್ರಚಿಕಿತ್ಸೆಯನ್ನು ಅವರು ಎಷ್ಟು ಮಾಡಿದ್ದಾರೆಂದೂ ಕೇಳಬಹುದು, ಅದರಲ್ಲಿ ಅವಮಾನವೇನಿಲ್ಲ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಮುಂಬೈಯ ಪರೇಲ್‌ನಲ್ಲಿ ಮಕ್ಕಳಿಗೆಂದೇ 1929ರಿಂದ ನಡೆಯುತ್ತಿರುವ ವಾಡಿಯಾ ಆಸ್ಪತ್ರೆಯಿದೆ.

ಉತ್ತರ (ಪುಣೆ, ಕೋಥ್ರೂಡ್‌ನಿಂದ ಒಬ್ಬ ತಾಯಿ)

ನನ್ನ ಮಗಳಿಗೆ 22 ತಿಂಗಳಿದ್ದಾಗ ಇದೇ ಶಸ್ತ್ರಚಿಕಿತ್ಸೆ ಆಯಿತು. ಈಗ ಅವಳಿಗೆ ಏಳು ವರ್ಷ. ಪ್ಲಾಸ್ಟರಿನ ಆರು ವಾರಗಳ ಬಗ್ಗೆ ನಾನು ಹೇಳಬಲ್ಲೆ.

ಮೊದಲ ನಾಲ್ಕೈದು ದಿನ ಕಷ್ಟ. ಮಗು ರಾತ್ರಿ ಬೆಚ್ಚಿ ಬೆಚ್ಚಿ ಅಳುತ್ತದೆ. ನೋವಿನ ಔಷಧವನ್ನು ಹೇಳಿದ ಹೊತ್ತಿಗೆ ತಪ್ಪದೆ ಕೊಡಿ, ಅಳು ಬರಲೆಂದು ಕಾಯಬೇಡಿ. ಮಲಮೂತ್ರಕ್ಕೆಂದು ಬಿಟ್ಟ ತೆರಪಿನಲ್ಲಿ ಚಿಕ್ಕ ಅಳತೆಯ ಡೈಪರನ್ನು ಪ್ಲಾಸ್ಟರಿನ ಅಂಚಿನೊಳಗೆ ಸಿಕ್ಕಿಸಿ, ಅದರ ಮೇಲೆ ದೊಡ್ಡದೊಂದನ್ನು ಹೊರಗಿನಿಂದ ಕಟ್ಟಬೇಕು. ರಾತ್ರಿಯೂ ಎದ್ದು ನೋಡಬೇಕು, ಏಕೆಂದರೆ ಒಳಗಿನ ಹತ್ತಿ ಒಮ್ಮೆ ನೆನೆದರೆ ಪುಣೆಯ ಜುಲೈ ತಿಂಗಳಲ್ಲಿ ಅದು ಒಣಗುವುದೇ ಇಲ್ಲ, ನಿಮ್ಮ ಡೊಂಬಿವಲಿಯಲ್ಲಂತೂ ಕೇಳುವುದೇ ಬೇಡ. ತಲೆಯ ಕಡೆ ದಿಂಬಿಟ್ಟು ಸ್ವಲ್ಪ ಎತ್ತರಿಸಿದರೆ ಮೂತ್ರ ಕೆಳಕ್ಕೆ ಹರಿಯುತ್ತದೆ. ಸ್ನಾನವಿಲ್ಲ, ಒದ್ದೆ ಬಟ್ಟೆಯಿಂದ ಒರೆಸುವುದಷ್ಟೇ. ತುರಿಕೆಯೆಂದು ಕಡ್ಡಿಯನ್ನಾಗಲಿ ಪೌಡರನ್ನಾಗಲಿ ಒಳಗೆ ಹಾಕಲೇಬೇಡಿ. ಕಾಲ್ಬೆರಳುಗಳು ತಣ್ಣಗಾದರೆ, ನೀಲಿಯಾದರೆ, ಬಾತರೆ, ಅಥವಾ ಒಳಗಿನಿಂದ ಕೆಟ್ಟ ವಾಸನೆ ಬಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಎರಡು ಕಾಲುಗಳ ನಡುವೆ ಕೋಲು ಕಟ್ಟಿದ್ದರೆ ಅದನ್ನು ಹಿಡಿದು ಎತ್ತಬಾರದು.

ಲೋಕಲ್ ರೈಲಿನ ಯೋಚನೆ ಬಿಡಿ, ಹಿಂಬದಿಯ ಸೀಟು ಅಗಲವಿರುವ ಕಾರನ್ನೇ ಗೊತ್ತುಮಾಡಿ. ಮಹಡಿ ಇಳಿಸುವಾಗ ಇಬ್ಬರು ಬೇಕು. ನಾವು ಒಂದು ದೊಡ್ಡ ಬೀನ್‌ಬ್ಯಾಗಿನಲ್ಲಿ ಅವಳನ್ನು ಒರಗಿಸಿ ಊಟದ ಹೊತ್ತಿಗೆ ಎಲ್ಲರ ನಡುವೆ ಕೂರಿಸುತ್ತಿದ್ದೆವು. ಒಂದು ವಾರದಲ್ಲಿ ಮಗು ಒಗ್ಗಿಹೋಯಿತು, ಒಗ್ಗದವಳು ನಾನೇ.

ಪ್ಲಾಸ್ಟರ್ ತೆಗೆದ ದಿನ ಕಾಲುಗಳು ಕಟ್ಟಿಗೆಯಂತಿದ್ದವು. ಗಾಬರಿಪಡಬೇಡಿ, ಬಲವಂತವಾಗಿ ಮಡಿಸಬೇಡಿ. ಆಗ ಮೂಳೆ ದುರ್ಬಲವಾಗಿರುವುದರಿಂದ ಸಣ್ಣ ಬೀಳುವಿಕೆಯಿಂದಲೂ ಮುರಿಯಬಹುದು. ಅವಳು ಕೆಲವು ತಿಂಗಳು ಕುಂಟಿದಳು, ಆಮೇಲೆ ನಿಂತಿತು. ಬೆಳವಣಿಗೆ ಮುಗಿಯುವವರೆಗೂ ಎಕ್ಸ್‌ರೇ ತೆಗೆಸುತ್ತಿರಬೇಕೆಂದು ಹೇಳಿದ್ದಾರೆ, ನಾವು ತಪ್ಪಿಸಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಎಕ್ಸ್‌ರೇ ನೋಡಿದ ಮೇಲೆ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, ಆಸ್ಪತ್ರೆಯಲ್ಲಿ ರಾತ್ರಿ ನಾನೇ ಉಳಿಯುತ್ತೇನೆ ಎಂದರು. ಮುಂದಿನ ತಿಂಗಳಿಗೆ ದಿನ ಗೊತ್ತುಮಾಡಿದ್ದೇವೆ. ಇನ್ನೊಂದು ಮಾತು: ನನ್ನ ತಂಗಿ ಈಗ ಏಳು ತಿಂಗಳ ಬಸುರಿ. ಹುಟ್ಟುವ ಮಗುವಿಗೆ ಏನಾದರೂ ಪರೀಕ್ಷೆ ಬೇಕೇ?

ಉತ್ತರ (ಮಡಗಾಂವ್)

ಈ ತೊಂದರೆ ಕುಟುಂಬದಲ್ಲಿ ಇದೆಯೆಂದು ಮಕ್ಕಳ ವೈದ್ಯರಿಗೆ ಹೆರಿಗೆಯ ದಿನವೇ ತಿಳಿಸಲಿ. ಕೈಯಿಂದ ಮಾಡುವ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಸುಮಾರು ಆರನೆಯ ವಾರದಲ್ಲಿ ಸೊಂಟದ ಕೀಲುಗಳ ಅಲ್ಟ್ರಾಸೌಂಡ್ ಮಾಡಿಸುವ ಬಗ್ಗೆ ಕೇಳಲಿ. ಬಾಣಂತನದಲ್ಲಿ ಎರೆದ ಮೇಲೆ ಕೂಸಿನ ಕಾಲುಗಳನ್ನು ನೇರ ಮಾಡಿ ಬಿಗಿಯಾಗಿ ಸುತ್ತುವುದು ಬೇಡ. ಮೊಣಕಾಲು ಮಡಿಸಿ, ತೊಡೆ ಅಗಲಿಸಿಕೊಳ್ಳಲು ಬಟ್ಟೆಯೊಳಗೆ ಜಾಗವಿರಬೇಕು.