20 ಎಕರೆ ರೋಬಸ್ಟಾ ಕಾಫಿಗೆ ಪಲ್ಪರ್ ಹಾಕಿಸಬೇಕೋ ಬೇಡವೋ? ಲೆಕ್ಕವೂ ಸರಿಯಿರಬೇಕು, ನ್ಯಾಯವೂ ಸರಿಯಿರಬೇಕು. ಗೊತ್ತಿದ್ದವರು ಹೇಳಿ

ಪ್ರಶ್ನೆ, ಕೊಡಗಿನ ಸಿದ್ದಾಪುರ ಕಡೆಯಿಂದ

ಎಲ್ಲರಿಗೂ ನಮಸ್ಕಾರ. 20 ಎಕರೆ ರೋಬಸ್ಟಾ ಇದೆ. ಐದು ವರ್ಷದ ಸರಾಸರಿ ತೆಗೆದರೆ 50 ಕೆಜಿಯ 300 ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು), ಓಟಿ, ಅಂದರೆ ಒಂದು ಚೀಲದಲ್ಲಿ ಸಿಗುವ ಶುದ್ಧ ಬೀಜ, 27 ಕೆಜಿಯ ಹತ್ತಿರ. ಈ ಸಲ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಾಕಿಸಿ ಅರ್ಧ ಹಣ್ಣನ್ನು ಪಾರ್ಚ್‌ಮೆಂಟ್ (ಸಿಪ್ಪೆ, ಲೋಳೆ ತೆಗೆದು ಒಣಗಿಸಿದ ಬೀಜ) ಮಾಡೋಣ ಅಂತ ತಮ್ಮ ಹೇಳುತ್ತಿದ್ದಾನೆ. ಯಂತ್ರ, ತೊಟ್ಟಿ, ಕೊಳೆ ನೀರಿನ ಹೊಂಡ, ಒಣಗಿಸುವ ತಟ್ಟೆ ಎಲ್ಲ ಸೇರಿ 8 ಲಕ್ಷ ಆಗುತ್ತದಂತೆ. ಹೊಂಡ ಬಿಟ್ಟರೆ ಒಂದೂವರೆ ಲಕ್ಷ ಉಳಿಯುತ್ತದೆ ಅಂತ ಮೇಸ್ತ್ರಿ ಹೇಳುತ್ತಾರೆ, ಆದರೆ ತೋಟದ ಕೆಳಗೇ ತೋಡು ಹರಿಯುತ್ತದೆ. ಕೊಯ್ಲನ್ನು ದಿನಗೂಲಿಯಿಂದ ಕೆಜಿ ಲೆಕ್ಕಕ್ಕೆ ಬದಲಾಯಿಸಬೇಕು, ಯಂತ್ರದ ಮುಂಗಡಕ್ಕೆ ನಾಲ್ಕು ದೊಡ್ಡ ಮರ ಮಾರಬೇಕು ಎನ್ನುವ ಮಾತೂ ಮನೆಯಲ್ಲಿದೆ. ಲಾಭದ ಲೆಕ್ಕ ಹೇಗೆ ಹಾಕಲಿ? ತೋಡು, ಆಳುಗಳು, ಮರ, ಇವನ್ನೆಲ್ಲ ಲೆಕ್ಕದಲ್ಲಿ ಎಲ್ಲಿ ಇಡಲಿ?

ಅಮ್ಮತ್ತಿಯಿಂದ, ತೋಟಗಳ ಲೆಕ್ಕಪತ್ರ ನೋಡುವವರು

ಅಕ್ಕ, ಮೊದಲು ಒಂದು ಮಾತು. ಚೀಲದ ಬೆಲೆಗೆ ಚೀಲದ ಬೆಲೆ ಹೋಲಿಸಬೇಡಿ, ಎಲ್ಲರೂ ಮುಗ್ಗರಿಸುವುದು ಅಲ್ಲೇ. ಪಾರ್ಚ್‌ಮೆಂಟ್ ಚೀಲದ ದರ ಚೆರಿಗಿಂತ ಎಷ್ಟೋ ಮೇಲಿರುತ್ತದೆ ನಿಜ, ಆದರೆ ಅದೇ ಹಣ್ಣಿಗೆ ಚೀಲಗಳ ಸಂಖ್ಯೆ ಕಡಿಮೆಯಾಗುತ್ತದೆ. ಲೆಕ್ಕ ಯಾವಾಗಲೂ ಹಸಿ ಹಣ್ಣಿನಿಂದ ಶುರುವಾಗಬೇಕು.

ನಿಮ್ಮ 300 ಚೀಲ ಚೆರಿ ಅಂದರೆ ಹೆಚ್ಚುಕಡಿಮೆ 36,000 ಕೆಜಿ ಹಸಿ ಹಣ್ಣು. ಅರ್ಧ, ಅಂದರೆ 18,000 ಕೆಜಿ ತೆಗೆದುಕೊಳ್ಳಿ. ಹಾಗೇ ಒಣಗಿಸಿದರೆ 150 ಚೀಲ ಚೆರಿ. ಪಲ್ಪ್ ಮಾಡಿದರೆ ನೂರು ಕೆಜಿ ಹಣ್ಣಿಗೆ 26 ಕೆಜಿ ಪಾರ್ಚ್‌ಮೆಂಟ್ ಅಂತ ಹಿಡಿದರೂ 4,680 ಕೆಜಿ, ಸುಮಾರು 94 ಚೀಲ. ಲೆಕ್ಕ ಸುಲಭವಾಗಲಿ ಅಂತ ಚೆರಿ ಚೀಲಕ್ಕೆ 10,000 ರೂ. ಇಡೋಣ, ಇದು ಮಾರುಕಟ್ಟೆ ದರ ಅಲ್ಲ. ಚೆರಿಯಿಂದ 15 ಲಕ್ಷ. ಅದನ್ನು 94ರಿಂದ ಭಾಗಿಸಿದರೆ 15,957. ಯಂತ್ರಕ್ಕೆ ಒಂದು ರೂಪಾಯಿಯನ್ನೂ ಹಾಕದೆ, ಬರೀ ಸರಿಸಮ ಆಗುವುದಕ್ಕೇ ಪಾರ್ಚ್‌ಮೆಂಟ್ ಚೀಲಕ್ಕೆ ಇಷ್ಟು ಸಿಗಬೇಕು.

ಇನ್ನು ಖರ್ಚು. 8 ಲಕ್ಷವನ್ನು 10 ವರ್ಷಕ್ಕೆ ಹಂಚುವಾಗ 80,000 ಅಂತ ಬರೆಯಬೇಡಿ, ಬಡ್ಡಿ ಬಿಟ್ಟುಹೋಗುತ್ತದೆ. ಬಡ್ಡಿ ಶೇ. 10, ಅವಧಿ 10 ವರ್ಷ ಆದರೆ ಬಡ್ಡಿ ಸೇರಿದ ಸಮಾನ ಕಂತು ತೆಗೆಯುವ ಭಾಜಕ 6.145. ವರ್ಷಕ್ಕೆ 1,30,000 ಬರುತ್ತದೆ. ಬರೀ ಹಣ್ಣನ್ನೇ ಆರಿಸಿ ಕುಯ್ಯಲು ಕೆಜಿಗೆ 2 ರೂ. ಹೆಚ್ಚು ಕೊಟ್ಟರೆ 36,000. ಡೀಸೆಲ್, ಕರೆಂಟು, ಪಲ್ಪಿಂಗ್ ಆಳು 40,000. ಸುಣ್ಣ, ಹೊಂಡದ ಹೂಳು ತೆಗೆಯುವುದು 15,000. ಪಾರ್ಚ್‌ಮೆಂಟ್ ಚೆರಿಗಿಂತ ಬೇಗ ಒಣಗುವುದರಿಂದ ಕಣದ ಕೂಲಿಯಲ್ಲಿ 20,000 ಉಳಿತಾಯ. ಒಟ್ಟು 2,01,000, ಚೀಲಕ್ಕೆ 2,140 ಬೀಳುತ್ತದೆ. ಅಲ್ಲಿಗೆ ಲಾಭನಷ್ಟ ಸಮವಾಗುವ ನಿಮ್ಮ ಗೆರೆ ಚೀಲಕ್ಕೆ ಸುಮಾರು 18,100. ಅಂದರೆ ಪಾರ್ಚ್‌ಮೆಂಟ್ ದರ ಚೆರಿ ದರದ 1.81 ಪಟ್ಟು ಇರಬೇಕು.

ಕಾಫಿ ಮಂಡಳಿ ದಿನವೂ ದರ ಪ್ರಕಟಿಸುತ್ತದೆ. ಐದು ವರ್ಷದ್ದು ತೆಗೆದು, ನೀವು ನಿಜವಾಗಿ ಮಾರುವ ತಿಂಗಳುಗಳಲ್ಲಿ ಈ ಎರಡರ ಅನುಪಾತ ಎಷ್ಟಿತ್ತು ಅಂತ ಬರೆದುಕೊಳ್ಳಿ. 1.6 ಇದ್ದರೆ ನಿಮ್ಮ ಲೆಕ್ಕದಲ್ಲಿ ವರ್ಷಕ್ಕೆ 1,97,000 ನಷ್ಟ. 1.8ಕ್ಕೆ 9,000 ನಷ್ಟ. 2 ಪಟ್ಟು ಸಿಕ್ಕರೆ 1,79,000 ಲಾಭ. ದರ ಏರಿದ ಒಂದೇ ವರ್ಷ ನೋಡಿ ಯಂತ್ರ ತರುವವರು ಈ ಮೂರು ಸಾಲನ್ನು ಬರೆದಿರುವುದಿಲ್ಲ.

ಪಾಲಿಬೆಟ್ಟದಿಂದ, ಪಲ್ಪರ್ ಕೂರಿಸುವ ಕೆಲಸ ಬಲ್ಲವರು

ಮೇಲಿನವರ ಲೆಕ್ಕ ಸರಿ ಇದೆ. ಆದರೆ ಆ ‘ಅರ್ಧ ಹಣ್ಣು’ ಎನ್ನುವುದೇ ಅನುಮಾನದ ಅಂಕಿ. ರೋಬಸ್ಟಾ ಗೊಂಚಲಲ್ಲಿ ಕಾಯಿ, ಹಣ್ಣು, ಒಣಗಿದ್ದು ಮೂರೂ ಒಟ್ಟಿಗಿರುತ್ತವೆ. ಪಲ್ಪರಿಗೆ ಹೋಗಬೇಕಾದ್ದು ಕೆಂಪು ಹಣ್ಣು ಮಾತ್ರ. ಹಸಿರು ಕಾಯಿಯ ಸಿಪ್ಪೆ ಬಿಡುವುದಿಲ್ಲ, ಬಿಡಿಸಲು ಅಂತ ಪಲ್ಪರಿನ ತಟ್ಟೆಯ ಅಂತರ ಬಿಗಿ ಮಾಡಿದರೆ ದಪ್ಪ ಬೀಜಕ್ಕೆ ಏಟು ಬೀಳುತ್ತದೆ. ಸಡಿಲ ಬಿಟ್ಟರೆ ಸಿಪ್ಪೆ ಸಮೇತ ಹೊರಗೆ ಬರುತ್ತದೆ. ಏಟು ತಿಂದ ಬೀಜ ಒಣಗಿದ ಮೇಲೆ ಕಪ್ಪಾಗಿ ಕಾಣುತ್ತದೆ, ದರ ಅಲ್ಲೇ ಇಳಿಯಿತು. ಎರಡೇ ಸುತ್ತಿನಲ್ಲಿ ಕೊಯ್ಲು ಮುಗಿಸುವ ತೋಟದಲ್ಲಿ ಪಲ್ಪರಿಗೆ ಯೋಗ್ಯವಾದ ಹಣ್ಣು ಶೇ. 30 ಮಾತ್ರ ಸಿಕ್ಕರೆ ಪಾರ್ಚ್‌ಮೆಂಟ್ 56 ಚೀಲಕ್ಕೆ ಇಳಿಯುತ್ತದೆ. ಆಗ ಯಂತ್ರದ ಕಂತೇ ಚೀಲಕ್ಕೆ 1,385ರಿಂದ 2,320ಕ್ಕೆ ಹಾರುತ್ತದೆ. ಬಡ್ಡಿ ಶೇ. 10ರ ಬದಲು 11 ಆದರೆ ಇಷ್ಟು ವ್ಯತ್ಯಾಸ ಆಗುವುದಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಬಡ್ಡಿಗಲ್ಲ, ಹಣ್ಣಿನ ಪ್ರಮಾಣಕ್ಕೆ.

ಇನ್ನೊಂದು. ರೋಬಸ್ಟಾದ ಲೋಳೆ ಅರೇಬಿಕಾದ್ದಕ್ಕಿಂತ ಅಂಟು. ತೊಟ್ಟಿಯಲ್ಲಿ ಹುದುಗಿಸಿ ಬಿಡಿಸಲು ಹೆಚ್ಚು ಹೊತ್ತು ಬೇಕು, ಹೊತ್ತು ಮೀರಿದರೆ ಹುಳಿ ವಾಸನೆ ಕುಡಿಯುವ ಕಾಫಿಯವರೆಗೂ ಬರುತ್ತದೆ. ಲೋಳೆ ಉಜ್ಜಿ ತೆಗೆಯುವ ವಾಷರ್ ಇದ್ದರೆ ಈ ತಾಪತ್ರಯ ಇಲ್ಲ, ನೀರೂ ಕಡಿಮೆ ಸಾಕು. ಆ 8 ಲಕ್ಷದಲ್ಲಿ ವಾಷರ್ ಸೇರಿದೆಯೇ ಕೇಳಿ. ಹಣ್ಣನ್ನು ಕುಯ್ದ ದಿನವೇ ಪಲ್ಪ್ ಮಾಡಬೇಕು, ಆದ್ದರಿಂದ ಸಂಜೆ ಮೂರು ತಾಸು ಕರೆಂಟು ಖಾತ್ರಿ ಇಲ್ಲದ ಕಡೆ ಡೀಸೆಲ್ ಎಂಜಿನ್ನಿನ ಖರ್ಚೂ ಸೇರಿಸಿ.

ವಿರಾಜಪೇಟೆಯಿಂದ

ಅಕ್ಕ, ಹೊಂಡದ ವಿಷಯ ಬಿಡಿಸಿ ಹೇಳುತ್ತೇನೆ. ಹೊಂಡ ಬಿಟ್ಟರೆ ಮೂಲಧನ ಒಂದೂವರೆ ಲಕ್ಷ ಉಳಿಯುತ್ತದೆ, ಅಂದರೆ ವರ್ಷಕ್ಕೆ 24,400. ಸುಣ್ಣ ಹೂಳಿನ 15,000 ಸೇರಿಸಿ. 94 ಚೀಲಕ್ಕೆ ಹಂಚಿದರೆ ಚೀಲಕ್ಕೆ 420 ರೂ. ಈ 420 ಎಲ್ಲಿಂದ ಬಂತು? ಕೆಳಗಿನ ಗದ್ದೆಯವರು, ತೋಡಿನಲ್ಲಿ ದನಕ್ಕೆ ನೀರು ಕುಡಿಸುವವರು, ಬಟ್ಟೆ ಒಗೆಯುವವರು ನಿಮಗೆ ಕೊಟ್ಟ ಹಣ ಅದು. ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಪಲ್ಪಿಂಗ್ ನೀರಲ್ಲಿ ಸಕ್ಕರೆ, ಪೆಕ್ಟಿನ್ ತುಂಬಾ ಇರುತ್ತದೆ. ತೋಡಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ, ಮೀನು ಸಾಯುತ್ತವೆ, ನೀರು ಕಪ್ಪಾಗಿ ನಾರುತ್ತದೆ. ರೋಬಸ್ಟಾ ಕೊಯ್ಲು ಬರುವುದು ಜನವರಿಯಿಂದ ಮಾರ್ಚ್‌ವರೆಗೆ, ತೋಡಲ್ಲಿ ನೀರು ತೀರಾ ಸಣ್ಣಗೆ ಹರಿಯುವ ಕಾಲ. ಅದೇ ಹೊತ್ತಿಗೆ ಎಲ್ಲರೂ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಇದ್ದ ನೀರನ್ನೂ ಎತ್ತುತ್ತಿರುತ್ತಾರೆ. ಕೊಳೆ ತೇಲಿ ಹೋಗಲು ನೀರೇ ಇರುವುದಿಲ್ಲ. ಹೊಳೆಗೆ ಬಿಡುವ ನೀರಿನ ಬಿಓಡಿ (ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು, ಭೂಮಿಗೆ ಹಾಯಿಸುವುದಾದರೆ 100, ಇದು ಸಾಮಾನ್ಯ ಮಾನದಂಡ. ಪಲ್ಪಿಂಗ್ ನೀರು ಸಾವಿರಗಳ ಲೆಕ್ಕದಲ್ಲಿರುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ಬಿಡಬೇಡಿ. 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ವಿಚಾರವನ್ನೂ ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ವಿಚಾರಿಸಿ.

ಅಳತೆ ಹೀಗೆ: ಕೆಜಿ ಹಣ್ಣಿಗೆ 3 ಲೀಟರ್ ನೀರು ಅಂತ ಹಿಡಿದರೆ 18,000 ಕೆಜಿಗೆ 54,000 ಲೀಟರ್, ಅಂದರೆ 54 ಘನ ಮೀಟರ್. ಒಂಬತ್ತು ಮೀಟರ್ ಉದ್ದ, ನಾಲ್ಕು ಅಗಲ, ಒಂದೂವರೆ ಆಳ ತುಂಬಿದರೆ ಅಷ್ಟಾಯಿತು. ಆದರೆ ಆಳ ಎರಡು ಮೀಟರ್ ತೆಗೆಸಿ. ಹೂಮಳೆ ಜೋರಾಗಿ ಬಿದ್ದ ಸಂಜೆ ಮೇಲಿನ ಆ ಅರ್ಧ ಮೀಟರೇ ತೋಡನ್ನು ಉಳಿಸುವುದು. ಒಂದೇ ಗುಂಡಿ ಬೇಡ, ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಸುಣ್ಣ ಹಾಕಿ ಪಿಎಚ್ 7ರ ಹತ್ತಿರ ತನ್ನಿ. ಪಿಎಚ್ ಕಾಗದ ಅದ್ದಿ ನೋಡಿ, ಅಂದಾಜಿಗೆ ಸುರಿಯಬೇಡಿ. ಹುಳಿ ಉಳಿದರೆ ಮುಂದಿನ ಗುಂಡಿಯ ಜೀವಿಗಳು ಕೆಲಸ ಮಾಡುವುದೇ ಇಲ್ಲ. ಎರಡನೆಯದು ಆಳ, ಗಾಳಿಯಿಲ್ಲದೆ ಕೊಳೆಯಲು. ಮೂರನೆಯದು ಅಗಲ, ಗಾಳಿ ಆಡಲು. ತಳಕ್ಕೆ ದಪ್ಪ ಶೀಟು ಹಾಸಿ, ಇಲ್ಲದಿದ್ದರೆ ಬಾವಿಗೆ ಇಳಿಯುತ್ತದೆ. ಸಿಪ್ಪೆಯೇ ಟನ್‌ಗಟ್ಟಲೆ ಬರುತ್ತದೆ, ತೋಡಿನ ದಂಡೆಯಲ್ಲಿ ರಾಶಿ ಹಾಕಿದರೆ ಹೊಂಡ ತೋಡಿದ್ದು ವ್ಯರ್ಥ. ಮೇಲ್ಗಡೆ ಗೊಬ್ಬರದ ಗುಂಡಿಗೇ ಹೋಗಬೇಕು.

ಅಮ್ಮತ್ತಿಯಿಂದ ಮತ್ತೆ

420ರ ಲೆಕ್ಕ ಚೆನ್ನಾಗಿದೆ. ಆದರೆ ಅದನ್ನು ಉಳಿದ ಖರ್ಚುಗಳ ಜೊತೆ ಒಂದು ಸಾಲಾಗಿ ಬರೆಯುವುದು ಅಪಾಯ ಅಂತ ನನಗೆ ಅನ್ನಿಸುತ್ತದೆ. ಸಾಲು ಅಂದ ಮೇಲೆ ದರ ಬಿದ್ದ ವರ್ಷ ಯಾರೋ ಅದನ್ನು ಹೊಡೆದುಹಾಕುತ್ತಾರೆ.

ವಿರಾಜಪೇಟೆಯಿಂದ

ಹೌದು, ನಾನು ಹೇಳಬೇಕಿದ್ದದ್ದೂ ಅದೇ. 420 ತೋರಿಸಿದ್ದು ತಮ್ಮನಿಗೆ ವಿಷಯ ಮನದಟ್ಟಾಗಲಿ ಅಂತ. ಹಾಳೆಯಲ್ಲಿ ಎರಡು ಭಾಗ ಮಾಡಿ ಅಕ್ಕ. ಮೇಲೆ, ಯಾವ ಲಾಭಕ್ಕೂ ದಾಟದ ಬೇಲಿಗಳು: ಸಂಸ್ಕರಿಸದ ನೀರು ತೋಡಿಗೆ ಇಲ್ಲ, ಕನಿಷ್ಠ ಕೂಲಿಗಿಂತ ಕೆಳಗೆ ಯಾರಿಗೂ ಇಲ್ಲ, ಮಕ್ಕಳ ಕೈಲಿ ಕೊಯ್ಲು ಇಲ್ಲ. ಕೆಳಗೆ, ಆ ಬೇಲಿಯೊಳಗೆ ಇರುವ ದಾರಿಗಳ ಲಾಭನಷ್ಟ. ಬೇಲಿಯೊಳಗೆ ಪಲ್ಪರ್ ಗಿಟ್ಟದಿದ್ದರೆ ಆ ತೋಟಕ್ಕೆ ಪಲ್ಪರ್ ಗಿಟ್ಟುವುದಿಲ್ಲ ಅಂತಲೇ ಅರ್ಥ.

ಗೋಣಿಕೊಪ್ಪದಿಂದ, ಎಸ್ಟೇಟ್ ರೈಟರ್ (ತೋಟದ ಹಾಜರಿ, ತೂಕ ಬರೆಯುವ) ಕೆಲಸದವರು

ಕೆಜಿ ಲೆಕ್ಕದ ಕೊಯ್ಲು ತಪ್ಪಲ್ಲ ಮೇಡಂ, ಸರಾಸರಿ ನೋಡಿ ದರ ಕಟ್ಟುವುದು ತಪ್ಪು. ಹತ್ತು ಜನರಲ್ಲಿ ಏಳು ಮಂದಿ ದಿನಕ್ಕೆ 105 ಕೆಜಿ, ಮೂವರು 60 ಕೆಜಿ ಕುಯ್ದರು ಅಂದುಕೊಳ್ಳಿ. ಸರಾಸರಿ 91.5. ಕೆಜಿಗೆ 5 ರೂ. ಆದರೆ 457 ಬಿತ್ತು. ಕನಿಷ್ಠ ಕೂಲಿ 450 ಅಂತ ಇಟ್ಟುಕೊಂಡರೆ ಪುಸ್ತಕದಲ್ಲಿ ಎಲ್ಲ ಸರಿ. ಆದರೆ ಆ ಮೂವರ ಕೈಗೆ ಬಂದದ್ದು 300. ಸಾಮಾನ್ಯವಾಗಿ ವಯಸ್ಸಾದವರು, ಹೊಸಬರು, ಕಾಯಿ ಕಡಿಮೆ ಇರುವ ಇಳಿಜಾರಿನ ಸಾಲು ಸಿಕ್ಕವರು ಅವರೇ ಆಗಿರುತ್ತಾರೆ. ಕೊನೆಯ ಸುತ್ತಿನಲ್ಲಂತೂ ಎಲ್ಲರ ತೂಕವೂ ಇಳಿಯುತ್ತದೆ. ಆದ್ದರಿಂದ ಕೆಳಗಿನ ಕೂಲಿ ಖಾತ್ರಿ ಮಾಡಿ, ಅದರ ಮೇಲೆ ಕೆಜಿ ದರ ಕೊಡಿ. ಕಾರ್ಮಿಕ ಇಲಾಖೆಯ ಆ ವರ್ಷದ ಕನಿಷ್ಠ ಕೂಲಿ ಎಷ್ಟು ಅಂತ ಪ್ರತಿ ಕೊಯ್ಲಿಗೂ ಹೊಸದಾಗಿ ನೋಡಿ. ಬರೀ ಕೆಜಿ ದರ ಕಟ್ಟಿದರೆ ಕೊಂಬೆ ಸಮೇತ ಸವರಿ ಹಾಕುತ್ತಾರೆ. ಪಲ್ಪರಿಗೆ ಬೇಕಾದ ಹಣ್ಣೂ ಸಿಗುವುದಿಲ್ಲ, ಮುಂದಿನ ವರ್ಷದ ಹೂಮೊಗ್ಗೂ ಹೋಗುತ್ತದೆ.

ಒಬ್ಬನೇ ಗಂಡಸಿನ ಹೆಸರಲ್ಲಿ ದಿನಕ್ಕೆ 200 ಕೆಜಿ ಬರೆದಿದ್ದರೆ ನಿಲ್ಲಿಸಿ ಕೇಳಿ. ಅದು ಹೆಂಡತಿಯ ದುಡಿಮೆ, ಕೆಲವೊಮ್ಮೆ ಮಕ್ಕಳದ್ದೂ. ಹೆಂಗಸರ ತೂಕ ಅವರ ಹೆಸರಲ್ಲೇ ಬರೆಯಬೇಕು, ದುಡ್ಡು ಅವರ ಕೈಗೇ ಹೋಗಬೇಕು.

ತಕ್ಕಡಿಯ ಮಾತು. ಗೋಣಿಗೆ ಅಂತ ಚೀಲಕ್ಕೆ ಎರಡು ಕೆಜಿ ಕಳೆಯುವ ಅಭ್ಯಾಸ ಕೆಲವೆಡೆ ಇದೆ. ಖಾಲಿ ಗೋಣಿಯನ್ನು ಅವರೆದುರೇ ತೂಗಿ, ಒಂದು ಕೆಜಿ ಇದ್ದರೆ ಒಂದೇ ಕಳೆಯಿರಿ. 36,000 ಕೆಜಿ ಹಣ್ಣು 60 ಕೆಜಿ ಚೀಲದಲ್ಲಿ 600 ಚೀಲ. ಹೆಚ್ಚಿಗೆ ಕಳೆದ ಒಂದೊಂದು ಕೆಜಿಗೆ 5 ರೂ.ನಂತೆ ಇಡೀ ಕೊಯ್ಲಿಗೆ ನಿಮಗೆ ಉಳಿಯುವುದು 3,000. ಅಷ್ಟಕ್ಕಾಗಿ ಲೈನ್ ಮನೆಯ ಆಳುಗಳ ನಂಬಿಕೆ ಕಳೆದುಕೊಳ್ಳಬಾರದು.

ಮುಂಗಡ ಕೊಟ್ಟರೆ ಎಷ್ಟು ಕೊಟ್ಟಿರಿ, ವಾರಕ್ಕೆ ಎಷ್ಟು ಹಿಡಿದಿರಿ ಅಂತ ಚೀಟಿ ಅವರ ಕೈಲೂ ಇರಲಿ. ಸಾಲ ತೀರುವವರೆಗೆ ಬೇರೆ ತೋಟಕ್ಕೆ ಹೋಗಬಾರದು ಎನ್ನುವ ಮಾತು ಬಂದರೆ ಅದು ಜೀತ. 1976ರ ಕಾಯ್ದೆಯೇ ಅದನ್ನು ನಿಷೇಧಿಸಿದೆ. ಯರವ ಬುಡಕಟ್ಟಿನ ಹಾಡಿಗಳಿಂದ ಬರುವವರಿರಲಿ, ಅಸ್ಸಾಂ ಕಡೆಯಿಂದ ಬಂದವರಿರಲಿ, ಲೆಕ್ಕ ಓದಲು ಬಾರದವರಿಗೆ ಬಾಯಲ್ಲಿ ಹೇಳಿ ಒಪ್ಪಿಸಿ.

ಸುಂಟಿಕೊಪ್ಪದಿಂದ

ಮರದ ಬಗ್ಗೆ ಯಾರೂ ಹೇಳಲಿಲ್ಲ. ಮೊದಲು ಆರ್‌ಟಿಸಿ ತೆಗೆದು ಜಾಗ ರಿಡೀಮ್ಡೋ (ಮರದ ಹಕ್ಕಿಗೆ ಸರ್ಕಾರಕ್ಕೆ ಹಣ ಕಟ್ಟಿದ್ದೋ) ಅನ್‌ರಿಡೀಮ್ಡೋ (ಕಟ್ಟದ್ದೋ) ನೋಡಿ. ಅನ್‌ರಿಡೀಮ್ಡ್ ಆದರೆ ಮರ ಸರ್ಕಾರದ್ದು, ಮಾರುವ ಮಾತೇ ಇಲ್ಲ. ರಿಡೀಮ್ಡ್ ಆಗಿದ್ದರೂ ಮರದ ಬೆಲೆ ಟಿಂಬರಿನವರು ಹೇಳಿದಷ್ಟು ಮಾತ್ರ ಅಲ್ಲ. ಅದಕ್ಕೆ ಹಬ್ಬಿದ ಕರಿಮೆಣಸು ಬಳ್ಳಿಯ ಐದಾರು ವರ್ಷದ ಫಸಲು, ನೆರಳು ಹೋದ ಜಾಗಕ್ಕೆ ಬೇಕಾಗುವ ಹೆಚ್ಚಿನ ನೀರು, ಮರ ಬಿದ್ದಾಗ ನುಜ್ಜಾಗುವ ಗಿಡಗಳು, ಎಲ್ಲವನ್ನೂ ಕಳೆದ ಮೇಲೆ ಎಷ್ಟು ಉಳಿಯುತ್ತದೆ ನೋಡಿ. ಇಳಿಜಾರಿನಲ್ಲಿರುವ ಮರವಾದರೆ ಲೆಕ್ಕ ಹಾಕುವುದೇ ಬೇಡ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಹೇಗೆ ಜಾರಿತು ಅಂತ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು.

ಹಣದ ಮುಗ್ಗಟ್ಟಿಗೆ ಬೇರೆ ದಾರಿ ಇದೆ. ಅಕ್ಕಪಕ್ಕದ ಮೂರು ತೋಟ ಸೇರಿ ಒಂದೇ ಘಟಕ ಹಾಕಿದರೆ 282 ಚೀಲ. ಹೊಂಡ ದೊಡ್ಡದು ಮಾಡಲು 2 ಲಕ್ಷ ಹೆಚ್ಚು ಹಾಕಿ 10 ಲಕ್ಷ ಮಾಡಿದರೂ ಕಂತು ಚೀಲಕ್ಕೆ 1,385ರಿಂದ 577ಕ್ಕೆ ಇಳಿಯುತ್ತದೆ. 18,100ರ ಗೆರೆ 17,300ರ ಹತ್ತಿರ ಬರುತ್ತದೆ, ಸಾಗಣೆ ಬಾಡಿಗೆ ಬೇರೆ. ಯಾರ ಹಣ್ಣು ಯಾವ ದಿನ, ಹೊಂಡದ ಉಸ್ತುವಾರಿ ಯಾರದ್ದು ಅಂತ ಮೊದಲೇ ಬರೆದುಕೊಳ್ಳಿ. ಜಗಳ ಹುಟ್ಟುವುದು ಯಂತ್ರದ ಬಳಿ ಅಲ್ಲ, ಹೂಳು ತೆಗೆಯುವ ದಿನ. ಒಕ್ಕದ, ಅಂದರೆ ಕೂಡುಕುಟುಂಬದ ಜಾಗವನ್ನು ಅಡವಿಟ್ಟು ಸಾಲ ತರುವುದಾದರೆ ಪಾಲುದಾರರೆಲ್ಲರಿಗೂ, ಊರಲ್ಲಿಲ್ಲದವರಿಗೂ, ನಷ್ಟದ ಸಾಲನ್ನು ತೋರಿಸಿಯೇ ಸಹಿ ಕೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಮರದ ಮಾತು ಕೈಬಿಟ್ಟೆವು. ಶೇ. 50ರಷ್ಟು ಹಣ್ಣು ಸಿಗುತ್ತದೋ ಇಲ್ಲವೋ ಅಂತ ಯಂತ್ರ ತರುವ ಮೊದಲು ತಿಳಿಯುವುದು ಹೇಗೆ?

ಪಾಲಿಬೆಟ್ಟದಿಂದ

ಈ ಕೊಯ್ಲಿನಲ್ಲೇ ನೋಡಿ ಅಕ್ಕ. ಮೂರು ಕಡೆ, ಅಂದರೆ ತಗ್ಗು, ಇಳಿಜಾರು, ನೆರಳು ಹೆಚ್ಚಿರುವ ಜಾಗ, ಹತ್ತತ್ತು ಗಿಡ ಗುರುತು ಮಾಡಿ. ಪ್ರತಿ ಸುತ್ತಿನಲ್ಲೂ ಕುಯ್ದದ್ದನ್ನು ಕೆಂಪು, ಹಸಿರು, ಒಣಗಿದ್ದು ಅಂತ ಆರಿಸಿ ತೂಗಿ ಬರೆದಿಡಿ. ಆಮೇಲೆ ಒಂದೇ ದಿನದ ಒಂದು ಸಾವಿರ ಕೆಜಿ ಕೆಂಪು ಹಣ್ಣನ್ನು ಎರಡು ಪಾಲು ಮಾಡಿ. ಹೊಂಡ ಇರುವ ತೋಟದಲ್ಲಿ ಬಾಡಿಗೆ ಕೊಟ್ಟು 500 ಕೆಜಿ ಪಲ್ಪ್ ಮಾಡಿಸಿ, ಉಳಿದ 500ನ್ನು ಚೆರಿಯಾಗಿ ಒಣಗಿಸಿ. ಪಾರ್ಚ್‌ಮೆಂಟ್ 130 ಕೆಜಿ, ಚೆರಿ 208 ಕೆಜಿಯ ಸುತ್ತ ಬರಬೇಕು. ತೇವಾಂಶ ಮೀಟರಿನಲ್ಲಿ ಪಾರ್ಚ್‌ಮೆಂಟ್ 10, ಚೆರಿ 11 ತೋರಿಸಿದ ಮೇಲೆಯೇ ತೂಗಿ, ಹಸಿಯಾಗಿದ್ದಾಗ ತೂಗಿದರೆ ಎರಡೂ ಅಂಕಿ ಸುಳ್ಳು. ಎರಡರ ಓಟಿಯನ್ನೂ ಒಂದೇ ಕಡೆ ತೆಗೆಸಿ, ಒಂದೇ ದಿನ ಎರಡಕ್ಕೂ ದರ ಕೇಳಿ. ಸ್ಯಾಂಪಲಿಗೆ ಬಾಯಲ್ಲಿ ಹೇಳಿದ ದರ ಬರೆದುಕೊಳ್ಳಬೇಡಿ, ಆ ಎರಡೂವರೆ ಚೀಲ ಪಾರ್ಚ್‌ಮೆಂಟನ್ನು ನಿಜವಾಗಿ ಮಾರಿ ಕೈಗೆ ಬಂದ ಹಣವನ್ನೇ ಹಾಳೆಗೆ ಹಾಕಿ.