ಸಹಾಯ ಬೇಕು: ಹಳೇ ರೈಡಿಂಗ್ ಲಾನ್ ಮೋವರ್‌ಗೆ ಸ್ಪಿಂಡಲ್ ಹೌಸಿಂಗ್ ಮತ್ತು ಬೆಲ್ಟ್

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಕೂತು ಓಡಿಸುವ ಹಳೇ ಲಾನ್ ಮೋವರ್ (ಹುಲ್ಲು ಕತ್ತರಿಸುವ ಗಾಡಿ) ಇದೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಇಂಜಿನ್, ಈಗಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ತೊಂದರೆ ಇರುವುದು ಕೆಳಗಿನ ಕಟಿಂಗ್ ಡೆಕ್‌ನಲ್ಲಿ, ಅಂದರೆ ಬ್ಲೇಡ್‌ಗಳಿರುವ ಭಾಗದಲ್ಲಿ.

ಎಡಗಡೆ ಬ್ಲೇಡ್ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ. ಬಿಚ್ಚಿ ನೋಡಿದರೆ ಬೇರಿಂಗ್ ಒಳಗೆ ಗ್ರೀಸ್ ಇಲ್ಲ, ಬರೀ ಕೆಂಪು ತುಕ್ಕಿನ ಪುಡಿ. ನಂಬರ್ 6203, ಅಂದರೆ ಒಳಗೆ 17, ಹೊರಗೆ 40 ಮಿ.ಮೀ. ಅದು ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಕೂರುವ ಅಲ್ಯೂಮಿನಿಯಂ ಸ್ಪಿಂಡಲ್ ಹೌಸಿಂಗ್ (ಬ್ಲೇಡ್ ತಿರುಗಿಸುವ ಶಾಫ್ಟ್‌ನ ಕವಚ) ಬೋಲ್ಟ್ ಪಕ್ಕದಲ್ಲಿ ಸೀಳಿದೆ. ಡೆಕ್ ಸ್ಟಿಕ್ಕರ್ ಅಳಿಸಿಹೋಗಿ ಪಾರ್ಟ್ ನಂಬರ್ ಗೊತ್ತಾಗುತ್ತಿಲ್ಲ. ಇಂಜಿನ್ ಮೇಲಿನ ಮಾಡೆಲ್, ಟೈಪ್, ಕೋಡ್ ನಂಬರ್‌ಗಳು ಇಂಜಿನ್ ಪಾರ್ಟ್‌ಗಷ್ಟೇ ಉಪಯೋಗ, ಅಲ್ವಾ?

ಬೆಲ್ಟ್ ಕೂಡ ಸವೆದಿದೆ. ಹಿಟ್ಟಿನ ಗಿರಣಿಯ ಮಾಮೂಲಿ ವಿ-ಬೆಲ್ಟ್ ಹಾಕಿ ಅಂತ ಕೆಲವರು ಹೇಳಿದರು. ಮೋವರ್‌ನಲ್ಲಿ ಬೆಲ್ಟ್‌ನ ಬೆನ್ನಿಗೂ ಐಡ್ಲರ್ ಪುಲ್ಲಿ (ಬೆಲ್ಟ್ ಬಿಗಿಯಾಗಿಡುವ ಗಾಲಿ) ಒತ್ತುತ್ತದೆ, ಮಾಮೂಲಿದು ಜಾಸ್ತಿ ದಿನ ತಡೆಯುವುದಿಲ್ಲ. ಒಳಗೆ ಅರಾಮಿಡ್ (ಕೆವ್ಲಾರ್ ತರಹದ ಗಟ್ಟಿ ನಾರು) ದಾರ ಇರುವ ಬೆಲ್ಟೇ ಬೇಕು.

ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಅಲ್ಯೂಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಚೆನ್ನಾಗಿ ಮಾಡುವವರು ಯಾರಾದರೂ ಇದ್ದಾರಾ? ಬಿಸಿಗೆ ಬೇರಿಂಗ್ ಜಾಗ ಸೊಟ್ಟಗಾದರೆ ಬ್ಲೇಡ್ ಅದುರುತ್ತದೆ. ಆದ್ದರಿಂದ ಆಮೇಲೆ ಲೇತ್‌ನಲ್ಲಿ ಬೋರ್ ಸರಿ ಮಾಡಿಕೊಡುವವರೂ ಬೇಕು. ಯಾರದಾದರೂ ಎಸ್ಟೇಟ್ ಶೆಡ್‌ನಲ್ಲಿ ಸುಮ್ನೆ ನಿಂತಿರುವ ಮೋವರ್ ಇದ್ದರೆ ಅದರ ಡೆಕ್ಕನ್ನೇ ಕೊಳ್ಳುತ್ತೇನೆ.

ಅಪ್ಪ ಪ್ರೀತಿಯಿಂದ ನೋಡಿಕೊಂಡ ಗಾಡಿ, ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಫೋಟೋ, ಅಳತೆ ಎಲ್ಲ ಇದೆ, ಕೇಳಿದವರಿಗೆ ಕಳಿಸುತ್ತೇನೆ.