ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ 900 ಮೀಟರ್ ಫುಟ್‌ಪಾತ್: ನಗರಸಭೆಗೆ ಯಾವ ಅನುದಾನ ಹಿಡಿಯಬಹುದು?

ಬೇಲಿಬದಿ ಕೇಳಿದ್ದು:

ಸಾಗರ, ತಿಪಟೂರಿನ ಗಾತ್ರದ ನಗರಸಭೆ. ಬಸ್ ನಿಲ್ದಾಣದಿಂದ ಸರ್ಕಾರಿ ಪಿಯು ಕಾಲೇಜಿಗೆ ಹೋಗುವ ರಸ್ತೆ 900 ಮೀ. ಉದ್ದ, ಕಾಂಪೌಂಡಿನಿಂದ ಕಾಂಪೌಂಡಿಗೆ 12 ಮೀ. ಅಗಲ. ಎರಡೂ ಬದಿ ತೆರೆದ ಚರಂಡಿ, ಅಲ್ಲಲ್ಲಿ ಕರೆಂಟು ಕಂಬ, ನಿಲ್ದಾಣದ ಕಡೆ ಒಂದಷ್ಟು ತಳ್ಳುಗಾಡಿ. ಮಕ್ಕಳು ಡಾಂಬರಿನ ಮೇಲೆಯೇ ನಡೀತಾರೆ.

ಬೇಕಾಗಿರೋದು ಎರಡೂ ಬದಿ ಫುಟ್‌ಪಾತ್, ಸಾಧ್ಯವಾದರೆ ಸೈಕಲ್ ಪಥ, ಕಾಲೇಜಿನ ಮುಂದೆ ಸುರಕ್ಷಿತವಾಗಿ ದಾಟುವ ಜಾಗ, ಒಳಗೆ ಸೈಕಲ್ ಸ್ಟ್ಯಾಂಡ್. ‘ಫುಟ್‌ಪಾತಿಗೆ ಅಂತ ಹೆಡ್ (ಬಜೆಟ್ಟಿನ ಲೆಕ್ಕಶೀರ್ಷಿಕೆ) ಇಲ್ಲ’ ಅನ್ನೋದು ಕಚೇರಿಯ ಉತ್ತರ. ನಿಜವಾಗಿ ಯಾವ ಹಣ ಸಿಗುತ್ತೆ, ಅರ್ಜಿಯಲ್ಲಿ ಏನೇನಿರಬೇಕು, ಅಂದಾಜುಪಟ್ಟಿಯಲ್ಲಿ ಎಲ್ಲಿ ಎಡವುತ್ತಾರೆ?

---

ಕಡತಯಜ್ಞ ಉತ್ತರ:

‘ಹೆಡ್ ಇಲ್ಲ’ ಅನ್ನೋದು ಅರ್ಧ ನಿಜ. ಪಾದಚಾರಿಗಳಿಗೆ ಅಂತಲೇ ಹೆಸರಿಟ್ಟ ಹಣ ಸಣ್ಣ ಊರಿಗೆ ಬರೋದು ಅಪರೂಪ. ಬರೋದು ರಸ್ತೆ ಹಣ, ಚರಂಡಿ ಹಣ. ಆ ಅಂದಾಜುಪಟ್ಟಿಯೊಳಗೆ ಫುಟ್‌ಪಾತನ್ನು ಐಟಂ ಆಗಿ ಕೂರಿಸಬೇಕು. ‘ರಸ್ತೆ ಮತ್ತು ಬಾಕ್ಸ್ ಚರಂಡಿ ಅಭಿವೃದ್ಧಿ, ಪಾದಚಾರಿ ಮಾರ್ಗ ಸಹಿತ’ ಅಂತ ಕಾಮಗಾರಿಯ ಹೆಸರಿನಲ್ಲೇ ಬರಲಿ. ಹೆಸರಲ್ಲಿ ಇಲ್ಲದ್ದು ಹಣ ಸಾಲದಾದಾಗ ಮೊದಲು ಬಿದ್ದುಹೋಗುತ್ತೆ.

ಅದಕ್ಕೂ ಮೊದಲು ರಸ್ತೆ ಯಾರದು ಅಂತ ನೋಡಿ. ಬಸ್ ನಿಲ್ದಾಣದ ರಸ್ತೆ ಎಷ್ಟೋ ಊರಲ್ಲಿ ರಾಜ್ಯ ಹೆದ್ದಾರಿಯದೋ ಜಿಲ್ಲಾ ಮುಖ್ಯ ರಸ್ತೆಯದೋ ತುಂಡು, ಲೋಕೋಪಯೋಗಿ ಇಲಾಖೆಯ ಆಸ್ತಿ. ಹಾಗಿದ್ದರೆ ನಗರಸಭೆ ಒಂದು ರೂಪಾಯಿ ಹಾಕೋಕೂ ಅವರ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲದೆ ಕ್ರಿಯಾಯೋಜನೆಗೆ (ವರ್ಷದ ಕಾಮಗಾರಿ ಪಟ್ಟಿ) ಸೇರಿದ ಕೆಲಸ ಮುಂದೆ ಸಿಕ್ಕಿಹಾಕಿಕೊಳ್ಳುತ್ತೆ, ಹಣ ಇನ್ಯಾವುದೋ ವಾರ್ಡಿನ ಸಿಸಿ ರಸ್ತೆಗೆ ಜಾರುತ್ತೆ.

ಈಗ ಹಣದ ಮೂಲ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಇಂಥ ಊರುಗಳಿಗೆ ಕೊಟ್ಟಿದ್ದರಲ್ಲಿ ಶೇ 30 ಕುಡಿಯುವ ನೀರಿಗೆ, ಶೇ 30 ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ ಕಟ್ಟಿಟ್ಟದ್ದು. ಉಳಿದ ಶೇ 40 ಮುಕ್ತ ಅನುದಾನ. ಫುಟ್‌ಪಾತಿಗೆ ಜಾಗ ಇದ್ದದ್ದು ಆ 40ರಲ್ಲಿ ಮಾತ್ರ. ಮುಂದಿನ ಆಯೋಗದ ಹಣಕ್ಕೆ ಕೇಳುವಾಗಲೂ ಮುಕ್ತ ಭಾಗ ಎಷ್ಟು ಅನ್ನೋದನ್ನೇ ಮೊದಲು ಓದಿ.

ಎರಡನೆಯದು ರಾಜ್ಯ ಹಣಕಾಸು ಆಯೋಗದ ಅನುದಾನ ಮತ್ತು ನಗರಸಭೆಯ ಸ್ವಂತ ನಿಧಿ. ಬಹಳ ಜನ ಮರೆಯೋದು ಇಲ್ಲೇ. ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ ಮೀಸಲಾದ ಹಾಗೆ ಶೇ 5 ಅಂಗವಿಕಲರ ಕಲ್ಯಾಣಕ್ಕೆ ಮೀಸಲು. ಆ ಶೇ 5 ಸಾಮಾನ್ಯವಾಗಿ ತ್ರಿಚಕ್ರ ವಾಹನ, ಸಹಾಯಧನಕ್ಕೆ ಹೋಗಿ, ವರ್ಷದ ಕೊನೆಗೆ ಒಂದಿಷ್ಟು ಖರ್ಚಾಗದೆ ಉಳಿದಿರುತ್ತೆ. ರ‍್ಯಾಂಪ್ ಮತ್ತು ಸ್ಪರ್ಶ ಟೈಲ್ಸ್‌ಗೆ (ದೃಷ್ಟಿ ಇಲ್ಲದವರು ಕಾಲಿನಿಂದ ಗುರುತಿಸುವ ಉಬ್ಬು ಟೈಲ್ಸ್) ಅದನ್ನು ಕೇಳಿ. ವ್ಯಕ್ತಿಗತ ಸೌಲಭ್ಯದ ಹಣ ಕಿತ್ತುಕೊಂಡಂತೆ ಆಗಬಾರದು, ಉಳಿಕೆಯನ್ನೇ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಎರಡೂ ಜಿಲ್ಲಾಧಿಕಾರಿ ಮೂಲಕ. 900 ಮೀ. ಪೂರ್ತಿ ಕೇಳಬೇಡಿ. ಕಾಲೇಜಿನ ಮುಂದಿನ 150 ಮೀ. ಮತ್ತು ದಾಟುವ ಜಾಗ ಕೇಳಿ, ಅಷ್ಟಕ್ಕೆ ಶಿಫಾರಸು ಪತ್ರ ಸಿಗೋದು ಸಲೀಸು.

ನಗರ ಭೂ ಸಾರಿಗೆ ನಿರ್ದೇಶನಾಲಯದ ಕೈಯಲ್ಲಿ ರಾಜ್ಯ ನಗರ ಸಾರಿಗೆ ನಿಧಿ ಇದೆ. ಪ್ರಸ್ತಾವ ನಗರಸಭೆಯಿಂದಲೇ ಹೋಗಬೇಕು, ಸಂಘ ಸಂಸ್ಥೆಯ ಪತ್ರಕ್ಕೆ ಹಣ ಬರಲ್ಲ. ರಸ್ತೆ ಸುರಕ್ಷತಾ ಪ್ರಾಧಿಕಾರದ ಹಣಕ್ಕೆ ದಾರಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಅಲ್ಲಿ ಅಪಘಾತದ ಅಂಕಿಅಂಶ ಮಾತಾಡಬೇಕು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಹಣವನ್ನು ಕೆಲವರು ಸೂಚಿಸ್ತಾರೆ. ರಾಜ್ಯದಲ್ಲಿ ಅದರ ಪಟ್ಟಿಯಲ್ಲಿರೋದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ನಿಮಗೆ ಅದು ಬೇಡ.

ಎರಡು ಮೂಲದ ಹಣ ಸೇರಿಸೋದಾದರೆ ಚೈನೇಜ್ (ರಸ್ತೆಯ ಆರಂಭದಿಂದ ಅಳೆದ ದೂರ) ಪ್ರಕಾರ ಕತ್ತರಿಸಿ. 0ರಿಂದ 450 ಒಂದು ಹೆಡ್, 450ರಿಂದ 900 ಇನ್ನೊಂದು. ಒಂದೇ ಜಾಗಕ್ಕೆ ಎರಡು ಬಿಲ್ ಕಂಡರೆ ಆಡಿಟ್ ಆಕ್ಷೇಪಣೆ ಖಚಿತ. ಹಾಗಂತ ಟೆಂಡರ್ ತಪ್ಪಿಸೋಕೆ ತುಂಡು ಮಾಡೋದು ಬೇರೆ ವಿಷಯ, ಅದು ನಿಯಮಬಾಹಿರ.

---

ಮಟ್ಟಗೋಲು ಉತ್ತರ:

ಹಣದ ಮಾತು ಮೇಲೆ ಬಂದಿದೆ, ನಾನು ಅಡ್ಡಸೀಳಿನ, ಅಂದರೆ ರಸ್ತೆಯ ಅಗಲ ಹಂಚುವ ಲೆಕ್ಕ ಹೇಳ್ತೇನೆ.

12 ಮೀ.ನಲ್ಲಿ ಎರಡೂ ಬದಿ 1.8 ಮೀ. ಫುಟ್‌ಪಾತ್ ಅಂದರೆ 3.6. ಕರ್ಬ್ ಕಲ್ಲು (ಫುಟ್‌ಪಾತಿನ ರಸ್ತೆಯಂಚಿನ ಕಲ್ಲು) ತಲಾ 0.15. ಉಳಿಯೋದು 8.1 ಮೀ. ರಸ್ತೆ. ಎರಡು ಬಸ್ ಎದುರುಬದುರು ದಾಟೋಕೆ 6.5 ಸಾಕು, ಮಿಕ್ಕಿದ 1.6ರಲ್ಲಿ ನಿಲ್ದಾಣದ ಕಡೆ ಫುಟ್‌ಪಾತನ್ನು 2.5ರ ಹತ್ತಿರಕ್ಕೆ ಅಗಲ ಮಾಡಬಹುದು. 1.8 ಅಂದರೆ ತಡೆಯಿಲ್ಲದ ಅಗಲ. ಕಂಬ, ಮರ, ಫಲಕ ಎಲ್ಲ ಕಳೆದ ಮೇಲೆ ಸಿಗುವ ಅಳತೆ. ನಕ್ಷೆಯಲ್ಲಿ 1.8 ಬರೆದು ನಡುವೆ ಕಂಬ ಬಿಟ್ಟರೆ ಸಿಗೋದು ಮುಕ್ಕಾಲು ಮೀಟರ್.

ಚರಂಡಿ ಮುಚ್ಚಿದ ಸ್ಲ್ಯಾಬೇ ಫುಟ್‌ಪಾತಿನ ಭಾಗವಾಗಲಿ. ಚರಂಡಿ ಮೇಲೆ 0.75 ಮೀ. ಸ್ಲ್ಯಾಬ್, ಪಕ್ಕದಲ್ಲಿ 1.05 ಮೀ. ಪೇವರ್ (ಜೋಡಿಸುವ ಕಾಂಕ್ರೀಟು ಇಟ್ಟಿಗೆ). ಎರಡು ಬದಿ ಸೇರಿ 1800 ಮೀ.ಗೆ ಪೇವರ್ 1890 ಚದರ ಮೀ. ಅದರಡಿ 100 ಮಿ.ಮೀ. ಕಾಂಕ್ರೀಟು ಹಾಸು 189 ಘನ ಮೀ., 30 ಮಿ.ಮೀ. ಮರಳು ಹಾಸು ಸುಮಾರು 57 ಘನ ಮೀ. ಮರಳು ಕುಗ್ಗುತ್ತೆ, ಆರನೇ ಒಂದು ಭಾಗ ಹೆಚ್ಚು ಹಿಡಿಯಿರಿ. ಕಾಂಕ್ರೀಟಿನ ಮೇಲೆ ಮರಳು ಹಾಕುವಾಗ ನೀರು ಹೊರಹೋಗಲು ಅಲ್ಲಲ್ಲಿ ತೂತು ಬಿಡಬೇಕು, ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲೇ ಮರಳು ಕೊಚ್ಚಿ ಪೇವರ್ ಅಲ್ಲಾಡುತ್ತೆ. ಕಾಲುದಾರಿಗೆ 60 ಮಿ.ಮೀ. ಪೇವರ್ ಸಾಕು. ಮನೆ ಗೇಟಿನ ಮುಂದೆ ಕಾರು ಹತ್ತುವ ಕಡೆ 80 ಮಿ.ಮೀ., ಎಂ-40 ದರ್ಜೆಯ ಕಾಂಕ್ರೀಟಿನದು. ಎರಡು ಐಟಂ ಬೇರೆ ಬೇರೆ ಬರೆಯದಿದ್ದರೆ ಗುತ್ತಿಗೆದಾರ ಎಲ್ಲ ಕಡೆ 60 ಹಾಕ್ತಾನೆ.

ಸ್ಲ್ಯಾಬಿನ ಅಳತೆಯನ್ನು ಹೂಳೆತ್ತುವವರ ದೃಷ್ಟಿಯಿಂದ ನಿರ್ಧರಿಸಿ. 0.75 × 0.60 ಮೀ., 100 ಮಿ.ಮೀ. ದಪ್ಪ ಅಂದರೆ 112 ಕೆ.ಜಿ. ಯಾರೂ ಎತ್ತಲ್ಲ, ಸುತ್ತಿಗೆಯಲ್ಲಿ ಒಡೀತಾರೆ. 0.75 × 0.45 ಮಾಡಿದರೆ 84 ಕೆ.ಜಿ., ಕೊಕ್ಕೆ ಹಾಕಿ ಇಬ್ಬರು ಪಕ್ಕಕ್ಕೆ ಸರಿಸಬಹುದು. ಅಂಥ 4000 ತುಂಡು ಬೇಕು. ಕೊಕ್ಕೆಯ ಕುಳಿ ಸ್ಲ್ಯಾಬಿನ ಮಟ್ಟಕ್ಕೆ ಮುಳುಗಿರಲಿ, ಮೇಲೆ ಎದ್ದ ಕಂಬಿಗೆ ಕಾಲು ಎಡವುತ್ತೆ. ಗೇಟಿನ ಮುಂದೆ 150 ಮಿ.ಮೀ. ದಪ್ಪ, ಕಂಬಿಯ ವಿನ್ಯಾಸವೂ ಬೇರೆ.

ಕರ್ಬ್ ಎತ್ತರ 150 ಮಿ.ಮೀ. ಮೀರಬಾರದು. ನನ್ನ ಮಟ್ಟಿಗೆ 100 ಒಳ್ಳೆಯದು. ಗಾಲಿಕುರ್ಚಿ ರ‍್ಯಾಂಪಿನ ಇಳಿಜಾರು 1:12, ಅಂದರೆ 100ಕ್ಕೆ 1.2 ಮೀ. ಉದ್ದ, 150ಕ್ಕೆ 1.8 ಮೀ. 1.8 ಅಗಲದಲ್ಲಿ 1.8 ರ‍್ಯಾಂಪ್ ಹಾಕಿದರೆ ತಿರುಗೋಕೆ ಜಾಗವೇ ಉಳಿಯಲ್ಲ. ಪ್ರತಿ ಗೇಟಿಗೂ ಫುಟ್‌ಪಾತನ್ನೇ ತಗ್ಗಿಸುವ ಕೆಟ್ಟ ರೂಢಿ ಇದೆ. ಏರಿ ಇಳಿದು ಸಾಕಾಗಿ ಜನ ಮತ್ತೆ ರಸ್ತೆಗೇ ಇಳೀತಾರೆ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಲಿ, ವಾಹನದ ಏರು ರಸ್ತೆಯಂಚಿನ 450 ಮಿ.ಮೀ.ನಲ್ಲೇ ಮುಗಿಯಲಿ. ಅಡ್ಡ ಇಳಿಜಾರು ಶೇ 2, ರಸ್ತೆ ಕಡೆಗೆ.

ದರ ಲೋಕೋಪಯೋಗಿ ಇಲಾಖೆಯ ಚಾಲ್ತಿ ಎಸ್‌ಆರ್ (ದರಪಟ್ಟಿ) ಪ್ರಕಾರ, ಮೇಲೆ ಜಿಎಸ್‌ಟಿ ಶೇ 18. ಹಳೇ ಎಸ್‌ಆರ್ ಹಾಕಿದ ಅಂದಾಜುಪಟ್ಟಿ ತಾಂತ್ರಿಕ ಮಂಜೂರಾತಿಯಲ್ಲೇ ವಾಪಸ್ ಬರುತ್ತೆ.

---

ಬೇಲಿಬದಿ:

ಕಂಬಗಳ ಸ್ಥಳಾಂತರ ಇದೇ ಹಣದಲ್ಲಿ ಆಗುತ್ತಾ? ತಳ್ಳುಗಾಡಿಗಳನ್ನು ಏನು ಮಾಡೋದು? ಸೈಕಲ್ ಪಥದ ಬಗ್ಗೆ ಯಾರೂ ಹೇಳಲಿಲ್ಲ.

---

ಎರಡು_ಗಾಲಿ ಉತ್ತರ:

ಸೈಕಲ್ ಪಥ ಬಿಟ್ಟುಬಿಡಿ. ಒಮ್ಮುಖ ಪಥಕ್ಕೆ 2 ಮೀ. ಬೇಕು, ಎರಡು ಬದಿಗೆ 4. ಫುಟ್‌ಪಾತ್ ಕಳೆದು ಉಳಿದ 8.1ರಲ್ಲಿ ಅದನ್ನೂ ತೆಗೆದರೆ ಬಸ್ಸಿಗೆ 4.1 ಮೀ. ಫುಟ್‌ಪಾತ್ ಕಿರಿದು ಮಾಡಿ ಸೈಕಲ್ಲಿಗೆ ಕೊಡೋದು ಇನ್ನೂ ತಪ್ಪು. ಬರೀ ಬಣ್ಣ ಬಳಿದ ಪಥ ಅಂದರೆ ಪಾರ್ಕಿಂಗ್‌ಗೆ ಗೆರೆ ಎಳೆದುಕೊಟ್ಟ ಹಾಗೆ. ಬೆಂಗಳೂರಿನ ಜಯನಗರದಲ್ಲಿ ಆದದ್ದೂ ಅದೇ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ನೆಟ್ಟ ಪ್ಲಾಸ್ಟಿಕ್ ಬೊಲ್ಲಾರ್ಡ್‌ಗಳೂ (ವಾಹನ ತಡೆಯುವ ಗಿಡ್ಡ ಕಂಬ) ವಾಹನದ ಚಕ್ರಕ್ಕೆ ಸಿಕ್ಕವು.

ಈ ಅಗಲದಲ್ಲಿ ಸೈಕಲ್ಲಿಗೆ ಬೇಕಾದ್ದು ವಾಹನದ ವೇಗ ಇಳಿಸೋದು. ಕಾಲೇಜಿನ ಮುಂದೆ ಟೇಬಲ್‌ಟಾಪ್ (ಮೇಲ್ಭಾಗ ಚಪ್ಪಟೆಯಾದ ಅಗಲ ಉಬ್ಬು) ಹಾಕಿ, ಎತ್ತರ ಕರ್ಬಿನಷ್ಟೇ, 100 ಮಿ.ಮೀ. ಬಸ್ ಓಡುವ ರಸ್ತೆಯಾದ್ದರಿಂದ ಮೇಲ್ಭಾಗ 6 ಮೀ., ಎರಡು ಕಡೆ ಏರು 1:15ರಿಂದ 1:20, ಅಂದರೆ 1.5ರಿಂದ 2 ಮೀ. ಇದಕ್ಕಿಂತ ಕಡಿದಾದರೆ ಬಸ್ಸಿನವರು ದೂರು ಕೊಟ್ಟು ಒಡೆಸ್ತಾರೆ. ಮರೆಯಬಾರದ್ದು ನೀರು. ಟೇಬಲ್‌ಟಾಪ್ ರಸ್ತೆಗೆ ಅಡ್ಡಗಟ್ಟೆ, ಅದರ ಮೇಲ್ಮಗ್ಗುಲಲ್ಲಿ ಎರಡೂ ಬದಿ ಚರಂಡಿಗೆ ಬಾಯಿ ಕೊಡಲೇಬೇಕು. ಜಾಲರಿಯ ಕಂಬಿ ರಸ್ತೆಗೆ ಅಡ್ಡವಾಗಿರಲಿ. ಉದ್ದಕ್ಕೆ ಹಾಕಿದರೆ ಸೈಕಲ್ ಚಕ್ರ ಸಿಕ್ಕಿಬೀಳುತ್ತೆ. ಜೀಬ್ರಾ ಪಟ್ಟಿಗೆ 2.5 ಮಿ.ಮೀ. ಥರ್ಮೋಪ್ಲಾಸ್ಟಿಕ್, ಮೇಲೆ ಗಾಜಿನ ಮಣಿ.

ದಾಟುವ ಜಾಗ ಬೇಕೇ ಬೇಕು ಅಂತ ಕಾಗದದಲ್ಲಿ ತೋರಿಸೋಕೆ ಐಆರ್‌ಸಿ 103ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯ ಮಾರ್ಗಸೂಚಿ) ಪಿವಿ ವರ್ಗ ಲೆಕ್ಕ ಇದೆ. ಗಂಟೆಗೆ ದಾಟುವ ಜನರ ಸಂಖ್ಯೆಯನ್ನು ವಾಹನ ಸಂಖ್ಯೆಯ ವರ್ಗದಿಂದ ಗುಣಿಸಿ. ಮೀಡಿಯನ್ (ನಡುವಿನ ವಿಭಜಕ) ಇಲ್ಲದ ರಸ್ತೆಯಲ್ಲಿ 10 ಕೋಟಿ ದಾಟಿದರೆ ನಿಯಂತ್ರಿತ ದಾಟುವಿಕೆಗೆ ಆಧಾರ ಸಿಗುತ್ತೆ. 300 ಜನ, 600 ವಾಹನ ಆದರೆ 10.8 ಕೋಟಿ. ಕಾಲೇಜು ಬಿಡುವ, ಸೇರುವ ಹೊತ್ತಲ್ಲಿ 15 ನಿಮಿಷದ ತುಂಡುಗಳಾಗಿ ಎಣಿಸಿ, ರಜೆ ಇಲ್ಲದ ವಾರದ ನಡುದಿನಗಳಲ್ಲಿ.

ಸೈಕಲ್ ಸ್ಟ್ಯಾಂಡಿಗೆ 50 ಮಿ.ಮೀ. ಜಿಐ ಪೈಪನ್ನು ತಲೆಕೆಳಗಾದ ಯು ಆಕಾರಕ್ಕೆ ಬಗ್ಗಿಸಿ, 750 ಮಿ.ಮೀ. ಎತ್ತರ, 300 ಮಿ.ಮೀ. ಕಾಂಕ್ರೀಟಿನೊಳಗೆ. ಒಂದರಿಂದೊಂದಕ್ಕೆ 1 ಮೀ., ಒಂದಕ್ಕೆ ಎರಡು ಸೈಕಲ್. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಜಾಲರಿ ಸ್ಟ್ಯಾಂಡ್ ಬೇಡ, ರಿಮ್ ಸೊಟ್ಟಗಾಗುತ್ತೆ, ಫ್ರೇಮಿಗೆ ಬೀಗ ಹಾಕೋಕೂ ಆಗಲ್ಲ. ಎಷ್ಟು ಬೇಕು ಅನ್ನೋಕೆ ಈಗ ಬರುವ ಸೈಕಲ್ ಎಣಿಸಿ ಅರ್ಧಪಾಲು ಸೇರಿಸಿ. ಇದಕ್ಕೆ ಸರ್ಕಾರಿ ಹಣ ಕಾಯಬೇಡಿ, ಹತ್ತಿರದ ಯಾವುದಾದರೂ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ನಿಧಿ) ಸಾಕು.

ಬಾಡಿಗೆ ಸೈಕಲ್ ಯೋಜನೆಯ ಆಸೆಯನ್ನು ಪ್ರಸ್ತಾವಕ್ಕೆ ಸೇರಿಸಬೇಡಿ. ಮೈಸೂರಿನ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್ಲಿನೊಂದಿಗೆ ಶುರುವಾದಾಗ ಜಾಗತಿಕ ಪರಿಸರ ನಿಧಿ, ವಿಶ್ವಬ್ಯಾಂಕಿನ ನೆರವಿತ್ತು. ಬಂಡವಾಳ ಒಮ್ಮೆ ಸಿಗಬಹುದು, ಪ್ರತಿ ತಿಂಗಳ ನಿರ್ವಹಣೆಯ ಹಣ ನಗರಸಭೆಯ ಜೇಬಿಂದಲೇ ಹೋಗಬೇಕು.

---

ಕಡತಯಜ್ಞ ಉತ್ತರ:

ಕಂಬ: ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿ) ಅಂದಾಜು ಬೇರೆ, ಅದರ ಮೊತ್ತವನ್ನು ನಿಮ್ಮ ಅಂದಾಜುಪಟ್ಟಿಯಲ್ಲಿ ಒಂದು ಸಾಲಾಗಿ ಮೊದಲೇ ಸೇರಿಸಬೇಕು. ‘ಆಮೇಲೆ ನೋಡೋಣ’ ಅಂದ ಕಡೆ ಫುಟ್‌ಪಾತ್ ನಡುವೆ ಕಂಬ ಉಳಿದಿರುತ್ತೆ. ಮರ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಅದಕ್ಕಿಂತ ಮರದ ಸುತ್ತ 1.2 ಮೀ. ಮಣ್ಣಿನ ಚೌಕ ಬಿಟ್ಟು ಫುಟ್‌ಪಾತನ್ನು ಬಳಸಿ ಒಯ್ಯೋದು ವಾಸಿ.

ತಳ್ಳುಗಾಡಿ: 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಕೇಳದೆ ಎಬ್ಬಿಸೋ ಹಾಗಿಲ್ಲ. ಆ 1.6 ಮೀ. ಉಳಿಕೆಯಲ್ಲಿ ನಿಲ್ದಾಣದ ಕಡೆ ಗಾಡಿಗೆ ಜಾಗ ಗುರುತಿಸಿ. ಫುಟ್‌ಪಾತ್ ಅಗಲ ಮಾಡೋದಾ, ಗಾಡಿಗೆ ಬಿಡೋದಾ ಅನ್ನೋದು ಎಣಿಕೆ ನೋಡಿ ತೀರ್ಮಾನಿಸಿ. ಜಾಗ ಕೊಡದೆ ಕಟ್ಟಿದರೆ ಗಾಡಿ ಫುಟ್‌ಪಾತಿನ ಮೇಲೇ ಹತ್ತುತ್ತೆ.

ಕಾಗದಪತ್ರದ ಕ್ರಮ: ಸ್ಥಳ ನಕ್ಷೆ, 50 ಮೀ.ಗೊಂದು ಅಡ್ಡಸೀಳು, ಎಣಿಕೆ, ಪೊಲೀಸ್ ಠಾಣೆಯ ಅಪಘಾತ ವಿವರ, ಕಾಲೇಜಿನ ಪತ್ರ. ಇವನ್ನು ಹಿಡಿದು ಆಯವ್ಯಯ ಪೂರ್ವಭಾವಿ ಸಭೆಗೇ ಹೋಗಿ. ಕ್ರಿಯಾಯೋಜನೆ ಮುಗಿದ ಮೇಲೆ ಕೊಟ್ಟ ಮನವಿಗೆ ಒಂದು ವರ್ಷ ಕಾಯಬೇಕು. ಆಮೇಲೆ ಸಾಮಾನ್ಯ ಸಭೆಯ ನಿರ್ಣಯ, ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್. ನಡೆಯುವವರ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದ್ದನ್ನೂ ಮನವಿಯ ಮೊದಲ ಪ್ಯಾರಾದಲ್ಲಿ ಹಾಕಿ.

ಹೋದ ವರ್ಷದ ಕ್ರಿಯಾಯೋಜನೆ, ಯಾವ ಹೆಡ್ಡಿನಲ್ಲಿ ಎಷ್ಟು ಉಳಿದಿದೆ ಅನ್ನೋದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹೆಡ್ಡಿಗೊಂದು ಅರ್ಜಿ ಹಾಕಿ.

---

ಮಟ್ಟಗೋಲು ಉತ್ತರ:

ಒಂದು ಸೇರಿಸಬೇಕು. ಟೆಂಡರ್ ಮೊತ್ತದಲ್ಲಿ ಹಣ ಸಾಲದಾದಾಗ ಕತ್ತರಿ ಬೀಳೋದು ರ‍್ಯಾಂಪ್, ಸ್ಪರ್ಶ ಟೈಲ್ಸ್, ಬೊಲ್ಲಾರ್ಡ್ ಈ ಮೂರಕ್ಕೆ. ಇವನ್ನು ‘ಇತರೆ’ ಅಂತ ಒಟ್ಟುಮೊತ್ತದಲ್ಲಿ ಬರೆಯಬೇಡಿ. ರ‍್ಯಾಂಪ್ ಎಷ್ಟು, ಯಾವ ಚೈನೇಜಿನಲ್ಲಿ, ಟೈಲ್ಸ್ ಎಷ್ಟು ಮೀಟರ್ ಅಂತ ಬಿಡಿಬಿಡಿಯಾಗಿ ಇದ್ದರೆ ಅಳತೆ ಪುಸ್ತಕದಲ್ಲೂ ಬಿಡಿಯಾಗಿಯೇ ನಮೂದಾಗುತ್ತೆ, ಹಾಕದ್ದಕ್ಕೆ ಬಿಲ್ ಆಗಲ್ಲ. ಬೊಲ್ಲಾರ್ಡ್ ನಡುವಿನ ಅಂತರ 1.2 ಮೀ. ಬೈಕ್ ನುಗ್ಗುತ್ತೆ ಅಂತ ಇನ್ನೂ ಹತ್ತಿರ ನೆಟ್ಟರೆ ಗಾಲಿಕುರ್ಚಿಯೇ ಹೊರಗುಳಿಯುತ್ತೆ.